ಕಂಬದೊಳಗಿನ ನೀರು

ಹೈದರಾಬಾದಿನಲ್ಲಿ ಹಾಯಿದೋಣಿ ನಡೆಸುತ್ತಿದ್ದೆ ಎಂದರೆ ಇವತ್ತಿಗೂ ಜನ ನಗುತ್ತಾರೆ. ಸಮುದ್ರವೇ ಇಲ್ಲದ ಊರಲ್ಲಿ ಎಂಥ ದೋಣಿ, ಎಂಥ ಹಾಯಿ, ನೀನು ರಾಯಚೂರಿನವಳು, ನಿನಗೆ ಈಜಾದರೂ ಬರುತ್ತಾ ಅಂತ ಕೇಳುತ್ತಾರೆ. ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ತೇಲುವ ಜಾಕೆಟ್ಟು ಹಾಕಿಕೊಂಡು ಹೋಗುತ್ತಿದ್ದೆ, ನಿಮಗೇನು ತೊಂದರೆ? ಊರ ನಟ್ಟನಡುವೆ ಅಷ್ಟು ದೊಡ್ಡ ಹುಸೇನ್ ಸಾಗರ ಬಿದ್ದುಕೊಂಡಿದೆ. ಅದರ ದಂಡೆಯಲ್ಲಿ, ಹೆಸರಾದ ಕ್ಲಬ್ಬುಗಳಿಂದ ಸ್ವಲ್ಪ ದೂರಕ್ಕೆ, ಒಂದು ಸಣ್ಣ ಕ್ಲಬ್ಬಿತ್ತು. ಈಗ ಅದು ಇಲ್ಲ. ನಾನು ಹೇಳಹೊರಟಿರುವುದು ಅಲ್ಲಿನ ಒಂದು ಹಳೇ ದೋಣಿ ಸೋರಿದ್ದರ ಬಗ್ಗೆ, ಆ ಸೋರಿಕೆಯ ನೆಪದಲ್ಲಿ ಒಬ್ಬ ಹಿರಿಯರ ಕೆಲಸ ಹೋಗುವುದರಲ್ಲಿದ್ದ ಮೂರು ವಾರಗಳ ಬಗ್ಗೆ.

ಊರಿಗೆ ಊರೇ ಸಾಫ್ಟ್‌ವೇರ್ ಎಂದು ಹುಚ್ಚೆದ್ದಿದ್ದ ಕಾಲ ಅದು. ಅಮೀರ್‌ಪೇಟ್‌ನ ಒಂದೊಂದು ಗೋಡೆಯ ಮೇಲೂ ಕೋಚಿಂಗ್ ಸೆಂಟರಿನ ಪೋಸ್ಟರು, ಒಂದೊಂದು ಮಹಡಿಯಲ್ಲೂ ಲೇಡೀಸ್ ಹಾಸ್ಟೆಲ್ಲು. ಅಂಥದೊಂದು ಹಾಸ್ಟೆಲ್ಲಿನಲ್ಲಿ ಧಾರವಾಡದ ಕಡೆಯ ಗೆಳತಿಯೊಬ್ಬಳ ಜೊತೆ ಕೋಣೆ ಹಂಚಿಕೊಂಡು, ಕೋರ್ಸು ಮುಗಿಸಿ, ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಹಿಡಿದಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು ಎಂದು ಗೆಳತಿ ಅಣಕಿಸುತ್ತಿದ್ದಳು. ಒಂದು ಸಲ ಕಂಪನಿಯವರು ಸಿಬ್ಬಂದಿಗೆಂದು ಆ ಕ್ಲಬ್ಬಿನ ಸದಸ್ಯತ್ವ ತೆಗೆದುಕೊಂಡರು. ಮೊದಲ ಭಾನುವಾರ ನಲವತ್ತು ಮಂದಿ ಹೋಗಿ ಫೋಟೋ ಹೊಡೆಸಿಕೊಂಡು ಬಂದೆವು. ಎರಡನೇ ಭಾನುವಾರ ಹೋದವಳು ನಾನೊಬ್ಬಳೇ.

ಆ ಭಾನುವಾರ ಹಗ್ಗ ನನ್ನ ಅಂಗೈ ತರಚಿಕೊಂಡು ಓಡಿದಾಗ ಬಾಯಿಂದ ಒಂದು ಬೈಗುಳ ಹೊರಬಿತ್ತು. ಅಚ್ಚ ರಾಯಚೂರಿನದು, ಇಲ್ಲಿ ಬರೆಯುವ ಹಾಗಿಲ್ಲ. ದೋಣಿ ಕಟ್ಟುವ ಜೆಟ್ಟಿಯ ಮೇಲೆ ಕೂತು ಹಾಯಿ ಹೊಲಿಯುತ್ತಿದ್ದ ವಯಸ್ಸಾದವರೊಬ್ಬರು ತಲೆ ಎತ್ತದೆಯೇ, "ಹುಷಾರ್ ತಂಗಿ, ಇಲ್ಲಿ ಕನ್ನಡ ತಿಳಿಯೋರು ಅದಾರ" ಅಂದರು. ನಾಚಿಕೆಯಿಂದ ಸತ್ತೇ ಹೋದೆ. ಅವರೇ ಚಾಚಾ. ಹುಮನಾಬಾದಿನ ಕಡೆಯವರು, ಹರೆಯದಲ್ಲಿ ಬಡಗಿ ಕೆಲಸಕ್ಕೆಂದು ಬಂದು ದೋಣಿಗಳ ಹತ್ತಿರ ನಿಂತುಬಿಟ್ಟವರು. ದೋಣಿ ಎತ್ತುವುದು, ಇಳಿಸುವುದು, ಹಲಗೆ ಬದಲಿಸುವುದು, ಹರಿದ ಹಾಯಿ ಹೊಲಿಯುವುದು, ಎಲ್ಲ ಅವರ ಕೈಯಲ್ಲೇ. ನಮಾಜಿನ ಹೊತ್ತಾಯಿತೆಂದರೆ ಕೈಲಿದ್ದ ಉಳಿ ಅಲ್ಲೇ ಇಟ್ಟು ಎದ್ದು ಹೋಗುತ್ತಿದ್ದರು. ಮಾತು ತೀರಾ ಕಡಿಮೆ. ನನಗೆ ಹಾಯಿ ಎತ್ತಲು, ಗಾಳಿ ನೋಡಲು, ದೋಣಿ ತಿರುಗಿಸಲು ಕಲಿಸಿದವರು ಅವರೇ.

ಕಲಿತದ್ದು ಒಂದು ಹಳೇ ದೋಣಿಯಲ್ಲಿ. ಒಳಗೆ ಬಗ್ಗಿ ಕೂರುವಷ್ಟು ಪುಟ್ಟ ಕೋಣೆಯಿದ್ದ ದೋಣಿ ಕ್ಲಬ್ಬಿನಲ್ಲಿ ಅದೊಂದೇ. ಅದು ನಿಧಾನ ಅಂತ ಬೇರೆಯವರು ಮುಟ್ಟುತ್ತಿರಲಿಲ್ಲ, ಹಾಗಾಗಿ ಅದು ನನ್ನದೇ ಎನ್ನುವ ಹಾಗಾಗಿತ್ತು. ಹಾಯಿ ಕಟ್ಟುವ ಕಂಬವನ್ನು ಎಲ್ಲರೂ ಮಾಸ್ಟ್ ಎನ್ನುತ್ತಿದ್ದರು, ಚಾಚಾ ಕಂಬ ಎನ್ನುತ್ತಿದ್ದರು, ನಾನೂ ಅದನ್ನೇ ಹಿಡಿದೆ. ಅಲ್ಯೂಮಿನಿಯಂ ಕಂಬ, ಒಳಗೆ ಪೊಳ್ಳು. ಅದು ಕೋಣೆಯ ಚಾವಣಿಯನ್ನು ತೂರಿ ಒಳಗಿಳಿದು ದೋಣಿಯ ತಳದಲ್ಲಿ ಊರಿ ನಿಂತಿತ್ತು. ತೂರುವ ಜಾಗದಲ್ಲಿ ನೀರು ಇಳಿಯದಿರಲೆಂದು ಸುತ್ತ ರಬ್ಬರ್ ಪಟ್ಟಿ ಬಿಗಿದಿತ್ತು.

ಮೊದಲ ದಸರಾಕ್ಕೆ ನಾನು ಆ ದೋಣಿಗೆ ಆಯುಧ ಪೂಜೆ ಮಾಡಿದೆ. ನಮ್ಮ ಕಡೆ ಸೈಕಲ್ಲಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಯಾವುದನ್ನೂ ಬಿಡುವುದಿಲ್ಲ, ದೋಣಿ ಏನು ಪಾಪ ಮಾಡಿತ್ತು? ಸುಲ್ತಾನ್ ಬಜಾರಿನಿಂದ ಒಂದು ಹಿತ್ತಾಳೆ ಕೊಕ್ಕೆ ತಂದು ಕಂಬಕ್ಕೆ ಹಾಕಿ, ಅದರಲ್ಲಿ ನಿಂಬೆಹಣ್ಣು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದೆ. ಕ್ಲಬ್ಬಿನ ದೊಡ್ಡ ಮನುಷ್ಯರು ಮುಸಿಮುಸಿ ನಕ್ಕರು. ನಕ್ಕರೆ ನಗಲಿ ಎಂದು ಅಮಾವಾಸ್ಯೆಗೊಮ್ಮೆ ತಪ್ಪದೆ ಹೊಸದು ಕಟ್ಟುತ್ತಾ ಬಂದೆ. ದಾರ ಹಿಡಿಯಲು ಚಾಚಾ ಕೈಜೋಡಿಸುತ್ತಿದ್ದರು.

ಬೇಸಿಗೆಯಲ್ಲಿ ಚಾಚಾ ವರ್ಷದ ಪದ್ಧತಿಯಂತೆ ಕಂಬ ಇಳಿಸಿ, ಒರೆಸಿ, ಎಣ್ಣೆ ಕೊಟ್ಟು, ರಬ್ಬರ್ ಪಟ್ಟಿ ಬದಲಿಸಿ ಮತ್ತೆ ನಿಲ್ಲಿಸಿದರು. ಜೂನ್ ತಿಂಗಳ ಮೊದಲ ಜೋರು ಮಳೆಗೆ ಕೋಣೆಯೊಳಗೆಲ್ಲ ನೀರು. ಕಂಬದ ಬುಡದಲ್ಲಿ ಮಡುಗಟ್ಟಿತ್ತು, ಹಾಸಿದ ಹಲಗೆ ಉಬ್ಬಿತ್ತು, ದಿಂಬುಗಳು ಹಿಂಡುವ ಹಾಗಿದ್ದವು. ಮರುದಿನ ನೋಟಿಸ್ ಬೋರ್ಡಿನಲ್ಲಿ ಕಾರ್ಯದರ್ಶಿಗಳ ಸಹಿಯಿದ್ದ ಒಂದು ಹಾಳೆ. ಹಿರಿಯ ಬೋಟ್‌ಮ್ಯಾನಿನ ನಿರ್ಲಕ್ಷ್ಯದಿಂದ ದೋಣಿ ಸೋರುತ್ತಿದೆ, ತಿಂಗಳ ಕೊನೆಯ ಭಾನುವಾರದೊಳಗೆ ಸರಿಯಾಗದಿದ್ದರೆ ಅವನನ್ನು ಕೆಲಸದಿಂದ ತೆಗೆಯಲಾಗುವುದು ಅಂತ. ಚಹಾ ಕುಡಿಯಲು ಬಂದವರೆಲ್ಲ ನಿಂತು ಓದಿಕೊಂಡು ಹೋಗುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

ಕಾರ್ಯದರ್ಶಿಗಳು ಯಾವುದೋ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಬಿಳೀ ಪ್ಯಾಂಟು, ಬಿಳೀ ಬೂಟು, ಮಾತೆಲ್ಲ ಇಂಗ್ಲಿಷಿನಲ್ಲಿ. ನೇರ ಅವರ ಕೋಣೆಗೆ ನುಗ್ಗಿ, ಯಾವ ಆಧಾರದ ಮೇಲೆ ಹೀಗೆ ಬರೆದಿರಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮೇ ತಿಂಗಳಲ್ಲಿ ಕಂಬ ಇಳಿಸಿದವನು ಯಾರು? ಅವನು. ಜೂನಿನಲ್ಲಿ ನೀರು ಬರುತ್ತಿರುವುದು ಎಲ್ಲಿ? ಅದೇ ಕಂಬದ ಹತ್ತಿರ. ಇನ್ನೇನು ಆಧಾರ ಬೇಕು ಮಿಸ್?" ಎಂದರು.

"ಎಲ್ಲಿಂದ ಬರುತ್ತಿದೆ ಅಂತ ಯಾರೂ ನೋಡಿಯೇ ಇಲ್ಲ. ನಾನು ನೋಡುತ್ತೇನೆ. ಅವರ ತಪ್ಪಲ್ಲ ಅಂತ ತೋರಿಸುತ್ತೇನೆ."

"ತೋರಿಸಲಾಗದಿದ್ದರೆ?"

"ಅವರ ಜೊತೆ ನನ್ನನ್ನೂ ತೆಗೆಯಿರಿ."

ನಾಲಿಗೆ ಸುಮ್ಮನಿರಬೇಕಲ್ಲ! ಆದರೆ ಆಡಿದ್ದಕ್ಕೆ ಪಶ್ಚಾತ್ತಾಪವೇನೂ ಆಗಲಿಲ್ಲ. ನಾನು ಹೋದರೆ ನನ್ನ ಭಾನುವಾರಗಳು ಹೋಗುತ್ತಿದ್ದವು, ಅಷ್ಟೇ. ಚಾಚಾನದು ಇಡೀ ಆಯುಷ್ಯದ ಕೆಲಸ. ಆ ವಯಸ್ಸಿನಲ್ಲಿ, ನಿರ್ಲಕ್ಷ್ಯದಿಂದ ಕೆಲಸ ಕಳೆದುಕೊಂಡವನು ಎಂಬ ಹೆಸರು ಹೊತ್ತು ಯಾರ ಬಾಗಿಲಿಗೆ ಹೋಗಬೇಕು ಅವರು?

ಜೆಟ್ಟಿಗೆ ಬಂದು ಹೇಳಿದಾಗ ಚಾಚಾ ಸಂತೋಷಪಡಲಿಲ್ಲ. "ಯಾಕ ಬೇಕಿತ್ರಿ ತಂಗಿ?" ಎಂದರು.

"ನೀವು ಸುಮ್ನಿರ್ರಿ ಚಾಚಾ. ಇದನ್ನ ನಾ ನೋಡ್ಕೋತೀನಿ" ಎಂದೆ. ಅವರು ಹಾಯಿ ಹೊಲಿಯುವ ಸೂಜಿ ಮತ್ತೆ ಕೈಗೆತ್ತಿಕೊಂಡರು.

ಮೊದಲ ಭಾನುವಾರ ರಬ್ಬರ್ ಪಟ್ಟಿಯನ್ನೇ ಹಿಡಿದೆ. ಎಲ್ಲರ ಬೆರಳೂ ಅದನ್ನೇ ತೋರಿಸುತ್ತಿತ್ತು. ಪಟ್ಟಿ ಬಿಚ್ಚಿ, ಅಂಟಿದ್ದ ಕೊಳೆ ಕೆರೆದು, ಕಂಬವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಲಾರಿ ಟ್ಯೂಬು ಕತ್ತರಿಸಿ ಎರಡು ಪದರ ಸುತ್ತಿ, ಮೇಲೊಂದು ಕೆಳಗೊಂದು ಕ್ಲಾಂಪು ಹಾಕಿ ಬಿಗಿದೆವು. ನಾನು ಹೇಳಿದ್ದನ್ನು ಚಾಚಾ ಮಾಡುತ್ತಾ ಹೋದರು. ಪಟ್ಟಿಯ ಸುತ್ತ ನಾಲ್ಕು ಬಿಂದಿಗೆ ನೀರು ಸುರಿದು ಒಳಗಿಳಿದು ನೋಡಿದರೆ ಒಂದು ಹನಿ ಇಲ್ಲ. ಭಲೇ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು, ಕಾರ್ಯದರ್ಶಿಗಳ ಕೋಣೆಗೆ ಹೋಗಿ, ಆಯಿತು, ಇನ್ನು ನೋಟಿಸ್ ತೆಗೆಯಬಹುದು ಎಂದು ಹೇಳಿ ಬಂದೆ. ಮಂಗಳವಾರ ಮಳೆ ಬಂತು. ಬುಧವಾರ ಕ್ಲಬ್ಬಿನಿಂದ ಆಫೀಸಿಗೆ ಫೋನು. ಕಾರ್ಯದರ್ಶಿಗಳ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. ಕೋಣೆಯಲ್ಲಿ ಮೊದಲಿಗಿಂತ ಹೆಚ್ಚು ನೀರಿದೆಯಂತೆ, ಹಾಗಾದರೆ ಹಳೇ ಪಟ್ಟಿಯೇ ವಾಸಿಯಿತ್ತೇನೋ ಅಂತ. ಚೆನ್ನಾಗಿ ಮಂಗಳಾರತಿ ಆಯಿತು ನನಗೆ.

ಎರಡನೇ ಭಾನುವಾರ ಒಂದೂ ಬಿಡಲಿಲ್ಲ. ಚಾವಣಿಯ ಮೇಲಿನ ಪ್ರತಿ ಬೋಲ್ಟಿನ ಕೆಳಗೆ, ಒಳಗಡೆ, ಟಿಶ್ಯೂ ಕಾಗದ ಅಂಟಿಸಿದೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಒಂದೊಂದೇ ಜಾಗಕ್ಕೆ ನೀರು ಸುರಿಯುತ್ತಾ ಬಂದೆ. ಮೊದಲೇ ಮೇಲಿನಿಂದ ಸುರಿದರೆ ಎಲ್ಲ ಕಡೆಗೂ ಹರಿದು ಯಾವುದು ಸೋರಿತೆಂದು ತಿಳಿಯುವುದಿಲ್ಲ, ಅಷ್ಟು ಬುದ್ಧಿ ನನಗಿತ್ತು. ಎಲ್ಲ ಕಾಗದವೂ ಒಣಗಿದ್ದು ಒಣಗಿದ್ದ ಹಾಗೇ. ಬಿಂದಿಗೆ ನೀರಿಗೆ ಸೋರದ ದೋಣಿ ಮಳೆ ನೀರಿಗೆ ಮಾತ್ರ ಹೇಗೆ ಸೋರುತ್ತದೆ? ತಲೆ ಕೆಟ್ಟುಹೋಯಿತು. ಆ ದಿನ ಅಮಾವಾಸ್ಯೆ ಬೇರೆ. ನಿಂಬೆಹಣ್ಣು ಬದಲಿಸಲು ಹೋದಾಗ ಚಾಚಾ ಮೆಲ್ಲಗೆ, "ಈ ಸಲ ಕೋಣಿ ಬಾಗಲಕ್ಕ ಕಟ್ಟೋಣೇನ್ರಿ ತಂಗಿ? ಅಲ್ಲಿ ಭೀ ಛಲೋ ಕಾಣ್ತದ" ಎಂದರು.

"ಕಂಬಕ್ಕ ಕಟ್ಟೋದು ಅಂದ್ರ ಕಂಬಕ್ಕ ಕಟ್ಟೋದು ಚಾಚಾ. ನಡು ಬದಲಿಸ್ಬಾರದು" ಎಂದು ನಾನು ಅಲ್ಲೇ ಕಟ್ಟಿದೆ. ಅವರು ದಾರ ಹಿಡಿದರು.

ವಾರವಿಡೀ ಆಫೀಸಿನಲ್ಲಿ ಅದೇ ಯೋಚನೆ. ಸೋರಿಕೆ ಆಗುವಾಗ ಅಲ್ಲಿ ಕೂತು ನೋಡಲು ಆಗುವುದಿಲ್ಲ, ಆದರೆ ನೀರು ಹರಿದ ದಾರಿ ಉಳಿಯುವ ಹಾಗೆ ಮಾಡಬಹುದಲ್ಲ? ಸುಣ್ಣ ಬಳಿಯೋಣವೆಂದರೆ ಅದು ಅಲ್ಯೂಮಿನಿಯಂ ಅನ್ನು ತಿಂದುಬಿಡುತ್ತದೆ ಎಂದು ಆಫೀಸಿನಲ್ಲಿ ಯಾರೋ ಅಂದರು. ಕೊನೆಗೆ ಹೊಳೆದದ್ದು ಅವ್ವ ಊರಿಂದ ಕಳಿಸಿದ್ದ ವಿಭೂತಿ ಗಟ್ಟಿ. ನೀರಿನಲ್ಲಿ ತೇದು ಬಳಿದರೆ ಒಣಗಿ ಬೆಳ್ಳಗೆ ಕೂರುತ್ತದೆ, ಹನಿ ಬಿದ್ದರೆ ಅಲ್ಲಿ ಅಳಿಸಿ ಗೆರೆ ಬೀಳುತ್ತದೆ. ಗುರುವಾರ ಸಂಜೆ ಕೆಲಸ ಮುಗಿಸಿ ಹೋಗಿ, ಕೋಣೆಯೊಳಗಿನ ಕಂಬಕ್ಕೆ ಸುತ್ತಲೂ ಮೂರು ಅಗಲ ಪಟ್ಟೆ ಎಳೆದೆ. ಒಂದು ಚಾವಣಿಗೆ ತಾಗಿದಂತೆ. ಒಂದು ಅದರ ಕೆಳಗೆ, ಕಂಬದ ತುದಿಯ ದೀಪದ ವೈರು ಕಂಬದೊಳಗಿಂದ ಹೊರಗೆ ಬರುವ ತೂತಿನ ಮೇಲ್ಗಡೆ. ಇನ್ನೊಂದು ಆ ತೂತಿನ ಕೆಳಗಡೆ. ಹಾಸ್ಟೆಲ್ಲಿಗೆ ಬಂದು ಗೆಳತಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನವಾ, ದೋಣಿಗೆ ದೀಕ್ಷಾ ಕೊಟ್ಟು ಬಂದಿ? ಇನ್ನ ಜಂಗಮರನ್ನ ಕರದು ಊಟಾ ಹಾಕಿಬಿಡು."

"ನಗು ನಗು. ಸಿಕ್ಕ ಮ್ಯಾಲ ನಿನ್ನ ಮಾರಿ ನೋಡ್ತೀನಿ" ಎಂದೆ.

ಶುಕ್ರವಾರ ರಾತ್ರಿ ಮಳೆ ಹೊಡೆಯಿತು. ಶನಿವಾರ ಬೆಳಿಗ್ಗೆ ಏಳಕ್ಕೆಲ್ಲ ದೋಣಿಯಲ್ಲಿದ್ದೆ. ಮೇಲಿನ ಪಟ್ಟೆ ಎಳೆದ ಹಾಗೇ ಇತ್ತು. ನಡುವಿನದೂ ಹಾಗೇ ಇತ್ತು. ಕೆಳಗಿನ ಪಟ್ಟೆಯಲ್ಲಿ, ವೈರಿನ ತೂತಿನ ನೇರಕ್ಕೆ, ಎರಡು ಬೆರಳು ಅಗಲ ಪೂರಾ ತೊಳೆದುಹೋಗಿತ್ತು. ತೂತಿನಿಂದ ಆಗಲೂ ನೀರು ಜಿನುಗುತ್ತಿತ್ತು. ಅಯ್ಯ ಶಿವನೇ! ನೀರು ಕಂಬದ ಸುತ್ತಲಿಂದ ಬರುತ್ತಲೇ ಇರಲಿಲ್ಲ, ಕಂಬದ ಒಳಗಿನಿಂದ ಬರುತ್ತಿತ್ತು. ಚಾಚಾ ಬಿಗಿದ ಪಟ್ಟಿಯಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಒಬ್ಬಳೇ ಆ ಪುಟ್ಟ ಕೋಣೆಯಲ್ಲಿ ಕೂಗಿಕೊಂಡೆ.

ಮೇಲೆ ಹತ್ತಿ, ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಾರಿಸುವಂತೆ ಕಂಬವನ್ನು ಗೆಣ್ಣಿನಿಂದ ಬಾರಿಸುತ್ತಾ ಬಂದೆ. ಎದೆಯ ಮಟ್ಟದಲ್ಲಿ ಟಣ್ ಟಣ್ ಎಂದು ಪೊಳ್ಳು ದನಿ. ಸೊಂಟದ ಮಟ್ಟದಲ್ಲೂ ಅದೇ. ಕೆಳಗೆ, ಚಾವಣಿಯಿಂದ ಎರಡು ಗೇಣು ಮೇಲೆ ದನಿ ಬದಲಾಯಿತು. ಡಬ್ ಡಬ್ ಎಂದಿತು. ಒಳಗೆ ಅಲ್ಲಿಯವರೆಗೆ ನೀರು ನಿಂತಿತ್ತು. ಅದಕ್ಕಿಂತ ಸ್ವಲ್ಪ ಕೆಳಗೆ ನನ್ನ ಹಿತ್ತಾಳೆ ಕೊಕ್ಕೆ, ಅದರಲ್ಲಿ ಹೋದ ಭಾನುವಾರದ ನಿಂಬೆಹಣ್ಣು.

ಆಗ ನೆನಪಾಯಿತು. ದಸರಾದ ದಿನ ಕೊಕ್ಕೆ ಹಾಕಲು ನಾನು ಕಂಬ ಕೊರೆದಿರಲಿಲ್ಲ. ಅಲ್ಲಿ ಒಂದು ತೂತು ಮೊದಲೇ ಇತ್ತು. ಎಷ್ಟು ಅನುಕೂಲವಾಯಿತು ಎಂದುಕೊಂಡು ಕೊಕ್ಕೆಯನ್ನು ಅದಕ್ಕೇ ತಿರುಗಿಸಿದ್ದೆ. ಅಲ್ಲಾಡದಿರಲಿ ಎಂದು ಸುತ್ತ ಅಂಟು ಮೆತ್ತಿ, ಬೆರಳಿನಿಂದ ನುಣ್ಣಗೆ ಸವರಿದ್ದೆ ಬೇರೆ. ನನ್ನ ಕೆಲಸ ಯಾವತ್ತೂ ಅಚ್ಚುಕಟ್ಟು.

ಚಾಚಾ ಜೆಟ್ಟಿಯ ಮೇಲೆ ಹಗ್ಗ ಸುತ್ತುತ್ತಿದ್ದರು. "ಚಾಚಾ, ಈ ತೂತು ಯಾತರದು?" ಎಂದು ಕೂಗಿದೆ.

ಅವರು ಹಗ್ಗ ಕೆಳಗಿಟ್ಟು ಬಂದರು. "ನಾನೇ ಕೊರದಿದ್ದು. ಭಾಳ ವರ್ಷ ಆತು. ಕಂಬದ ತಲಿ ಮ್ಯಾಲ ಹಗ್ಗದ ಗಾಲಿ ಅದಾವಲ್ಲ, ಆ ಸಂದಿನಾಗಿಂದ ಮಳಿ ನೀರು ಒಳಗ ಬರ್ತದ, ಅದನ್ನ ತಡೀಲಿಕ್ಕ ಆಗಲ್ಲ. ಅದು ಕೋಣ್ಯಾಗ ಇಳೀಬಾರದಂತ ಕಂಬದ ಒಳಗ, ಚಾವಣಿ ಮಟ್ಟಕ್ಕ, ಫೋಮ್ ತುಂಬಿ, ಅದರ ಮ್ಯಾಲ ಈ ತೂತು ಇಟ್ಟೆ. ನೀರು ಬಂದಿದ್ದು ಇಲ್ಲಿಂದ ಹೊರಗ ಹೋಗ್ಲಿ ಅಂತ."

"ಅದರಾಗ ನಾ ಕೊಕ್ಕಿ ಜಡದು ಮುಚ್ಚಿಬಿಟ್ಟೆ."

"ಹೂಂ."

"ನೀರು ಒಳಗ ನಿಂತು, ಫೋಮಿನ ಬದೀಲಿಂದ ಕೆಳಗ ಇಳ್ಯಾಕತ್ತೈತಿ. ಇದು ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ವಾರ! ಮೂರು ವಾರ ನಾನು ಕಂಡಕಂಡವರ ಜೊತೆ ಜಗಳಾಡಿದ್ದೆ, ಬಿಂದಿಗೆ ಹೊತ್ತಿದ್ದೆ, ಲಾರಿ ಟ್ಯೂಬು ಕತ್ತರಿಸಿದ್ದೆ. ಇವರು ಪಕ್ಕದಲ್ಲಿ ನಿಂತು ಕ್ಲಾಂಪು ಬಿಗಿದಿದ್ದರು! ಬಾಯಿಗೆ ಬಂದಂತೆ ಕೂಗಾಡಿದೆ. ನಿಮ್ಮ ನೌಕರಿ ಹೋಗಾಕತ್ತೈತಿ, ನಿಮಗ ಖಬರ್ ಐತೇನು, ಒಂದು ಮಾತು ಹೇಳಾಕ ಏನಾಗಿತ್ತು ಎಂದೆ. ಅವರು ನಾನು ಮುಗಿಸುವವರೆಗೆ ಕಾದರು.

"ದ್ಯಾವರ ಹೆಸರಲೆ ಕಟ್ಟಿದ್ದು ತಂಗಿ" ಎಂದರು ಆಮೇಲೆ. "ಅದನ್ನ ತಗೀರಿ ಅಂತ ನಾ ಹೆಂಗ ಹೇಳ್ಲಿ? ನೀವು ಬ್ಯಾರೆ ತಿಳ್ಕೊಳ್ಳಲ್ಲ, ಖರೇ. ಆದ್ರ ಕೇಳಿಸ್ಕೊಂಡವರು ಹತ್ತು ಮಂದಿ ಹತ್ತು ಥರ ಹೇಳ್ತಾರ. ನೌಕರಿ ಹೋದ್ರ ಇನ್ನೊಂದು ಹುಡುಕ್ತೀನಿ. ಪೂಜಾದ ಸಾಮಾನು ತಗಸ್ದಾ ಅಂತ ಮಾತು ಬಂತು ಅಂದ್ರ ನಾ ಎಲ್ಲಿ ಹೋಗ್ಲಿ?" ನನ್ನ ಕಡೆ ತಿರುಗಿ, "ಮತ್ತ ನೀವು ಭೀ ಕೇಳಲಿಲ್ಲ" ಎಂದರು. "ಎಲ್ಲಾರ ಜೋಡಿ ಜಗಳಾ ಮಾಡಿದ್ರಿ ನನ್ನ ಸಲವಾಗಿ. ಚಾಚಾ, ನೀರು ಎಲ್ಲಿಂದ ಬರ್ತದ ಅಂತ ಒಂದ್ ಸಲ ನನ್ನ ಕೇಳಲಿಲ್ಲ."

ನೋಡ್ಕೋತೀನಿ, ನೀವು ಸುಮ್ನಿರ್ರಿ ಎಂದವಳು ನಾನೇ. ಕೋಣೆ ಬಾಗಿಲಿಗೆ ಕಟ್ಟೋಣವೇ ಎಂದು ಅವರು ತಮ್ಮಿಂದಾದಷ್ಟು ಹೇಳಿಯೂ ಇದ್ದರು, ನಾನು ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದಿದ್ದೆ. ಅಳು ಬಂತು, ಸಿಟ್ಟಿನದೋ ನಾಚಿಕೆಯದೋ ತಿಳಿಯಲಿಲ್ಲ. ಈಗ ಕೊಕ್ಕೆ ಕಿತ್ತುಬಿಟ್ಟರೆ ಸೋರಿಕೆ ನಿಲ್ಲುತ್ತಿತ್ತು, ನೋಟಿಸೂ ಹೋಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಚಾಚಾ ಮಾತ್ರ ತಪ್ಪು ಮಾಡಿ ಕೊನೆಗೆ ಹೇಗೋ ಸರಿಪಡಿಸಿಕೊಂಡವರಾಗಿ ಉಳಿಯುತ್ತಿದ್ದರು. ಕೊಕ್ಕೆ ತಿರುಗಿಸಲು ತೆಗೆದ ಪಕ್ಕಡ್ ಕೈಲಿ ಹಿಡಿದುಕೊಂಡೇ, "ಈಗೇನು ಮಾಡೂಣ್ರಿ ಚಾಚಾ? ನೀವ ಹೇಳ್ರಿ" ಎಂದೆ.

ಅವರು ಗಡ್ಡ ನೀವಿಕೊಂಡರು. "ಅವರು ಎಲ್ಲಾರ ಮುಂದ ಬರದು ಹಚ್ಚ್ಯಾರ. ಹೇಳೋದು ಭೀ ಎಲ್ಲಾರ ಮುಂದ ಹೇಳ್ರಿ. ನನಗ ಅಷ್ಟೇ ಬೇಕು" ಎಂದರು. ಕೊಕ್ಕೆ ಅಂದು ಹಾಗೇ ಬಿಟ್ಟೆವು.

ಅಂದು ಸಂಜೆ ಮತ್ತೆ ಸುರಿಯಿತು. ಭಾನುವಾರ ಬೆಳಿಗ್ಗೆ ಹದಿನೈದು ಇಪ್ಪತ್ತು ಸದಸ್ಯರು ಜೆಟ್ಟಿಯಲ್ಲಿ ಚಹಾ ಹಿಡಿದು ನಿಂತಿದ್ದರು, ಕಾರ್ಯದರ್ಶಿಗಳೂ ಇದ್ದರು. ದೋಣಿಯನ್ನು ಜೆಟ್ಟಿಗೆ ತಾಗಿಸಿ ಕಟ್ಟಿ, ಚಾವಣಿಯ ಮೇಲೆ ನಿಂತು, ಸೋರಿಕೆ ಸಿಕ್ಕಿದೆ ಬನ್ನಿ ಎಂದು ಕರೆದೆ. ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿಗಳು ನನ್ನ ಮುಖದಲ್ಲಿ ಏನು ಕಂಡರೋ, "ಸಿಕ್ಕಿತಲ್ಲ, ಒಳ್ಳೆಯದಾಯಿತು ಮಿಸ್. ಮಿಕ್ಕದ್ದು ನನ್ನ ಕೋಣೆಯಲ್ಲಿ ಮಾತಾಡೋಣ" ಎಂದರು.

"ನೋಟಿಸ್ ನಿಮ್ಮ ಕೋಣೆಯಲ್ಲಿ ಹಚ್ಚಿದ್ದಿರಾ?" ಎಂದು ಕೇಳಿದೆ. ಯಾರೋ ಕೆಮ್ಮಿದರು.

ನಿಂಬೆಹಣ್ಣಿನ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಪಕ್ಕಡಿನಲ್ಲಿ ಕೊಕ್ಕೆ ಹಿಡಿದು ತಿರುಗಿಸಿದೆ. ನಾನೇ ಮೆತ್ತಿದ ಅಂಟು, ಸುಲಭಕ್ಕೆ ಬಿಡಲಿಲ್ಲ. ಕಡೆಗೆ ಚಟ್ ಎಂದು ಬಂತು, ಹಿಂದೆಯೇ ನೀರು ಚಿಮ್ಮಿ ನನ್ನ ಸಲ್ವಾರನ್ನು ತೋಯಿಸಿ ಚಾವಣಿಯ ಮೇಲೆ ಹರಿದು ಕೆರೆಗೆ ಸುರಿಯಿತು. ಹರಿಯುತ್ತಲೇ ಇತ್ತು. ಅದು ನಿಲ್ಲುವವರೆಗೆ ಕಾದೆ. ಆಮೇಲೆ ನಾನು ಎಲ್ಲ ಹೇಳಿದೆ. ತೂತು ಕೊರೆದವರು ಚಾಚಾ, ನೀರು ಹೊರಗೆ ಹೋಗಲೆಂದು. ಅದನ್ನು ಮುಚ್ಚಿದವಳು ನಾನು. ರಬ್ಬರ್ ಪಟ್ಟಿ ಸರಿಯಿತ್ತು, ಕಂಬ ಸರಿಯಿತ್ತು, ಅವರ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

ಸದಸ್ಯರೊಬ್ಬರು ಸಮಾಧಾನ ಮಾಡುವವರಂತೆ, "ಹೋಗಲಿ ಬಿಡಿ, ಭಕ್ತಿಯಿಂದ ಮಾಡಿದ್ದು, ದೇವರ ಕೆಲಸದಲ್ಲಿ ತಪ್ಪು ಒಪ್ಪು ನೋಡಬಾರದು" ಎಂದರು.

"ದೇವರ ಮೇಲೆ ಹಾಕಬೇಡಿ ಸಾರ್. ತೂತು ಯಾಕಿದೆ ಅಂತ ಕೇಳದೆ ಮುಚ್ಚಿದ್ದು ನಾನು" ಎಂದೆ. ತಲೆ ತಗ್ಗಿಸಲಿಲ್ಲ.

ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. "ಸರಿ. ನೋಟಿಸ್ ವಾಪಸ್ ತೆಗೆದುಕೊಂಡಿದ್ದೇನೆ. ಕೆಲಸ ಮುಂದುವರಿಸಲು ಅವನಿಗೆ ಹೇಳಿಬಿಡಿ."

"ಅವರು ಇಲ್ಲೇ ಇದ್ದಾರೆ. ನೀವೇ ಹೇಳಿ."

ಚಾಚಾ ನಾಲ್ಕು ಮಾರು ದೂರದಲ್ಲಿ, ದೋಣಿಯ ಹಗ್ಗ ಹಿಡಿದು ನಿಂತಿದ್ದರು. ಕಾರ್ಯದರ್ಶಿಗಳು ಅತ್ತ ತಿರುಗಿ, "ಚಾಚಾ, ನಿನ್ನದೇನೂ ತಪ್ಪಿಲ್ಲವಂತೆ, ಕೆಲಸ ಮಾಡಿಕೊಂಡಿರು" ಎಂದು ಹಿಂದಿಯಲ್ಲಿ ಅಂದರು.

ಚಾಚಾ ಹಗ್ಗವನ್ನು ಗೂಟಕ್ಕೆ ಸುತ್ತಿ, ಎದುರಿಗೆ ಬಂದು ನಿಂತರು. ಅವರೂ ಹಿಂದಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಚಾಚಾ ಅಂತ ಊರೆಲ್ಲ ಕರೆಯುತ್ತದೆ ಸಾಬ್. ತಪ್ಪು ಹೊರಿಸುವಾಗ ಬೋಟ್‌ಮ್ಯಾನ್ ಅಂತ ಬರೆದಿರಿ. ತಪ್ಪಿಲ್ಲ ಅನ್ನುವಾಗಲಾದರೂ ನನ್ನ ಹೆಸರು ಹಿಡಿದು ಹೇಳಿ."

ಕಾರ್ಯದರ್ಶಿಗಳು ಬಾಯಿ ತೆರೆದರು. ಮುಚ್ಚಿದರು. ಪಕ್ಕದಲ್ಲಿದ್ದವರನ್ನು ನೋಡಿದರು, ಅವರು ಚಹಾದ ಕಪ್ಪು ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಆ ಮನುಷ್ಯನಿಗಾಗಿ ಮೂರು ವಾರ ರಂಪ ಮಾಡಿದವಳು ನಾನಲ್ಲವೇ, ನನಗೆ ಗೊತ್ತಿರಲೇಬೇಕಲ್ಲ.

ನನಗೆ ಗೊತ್ತಿರಲಿಲ್ಲ. ಅವರ ಹತ್ತಿರ ಹಾಯಿ ಕಲಿತಿದ್ದೆ, ಅವರ ಡಬ್ಬಿಯಿಂದ ಊಟ ಮಾಡಿದ್ದೆ, ಅವರ ಊರು ಗೊತ್ತಿತ್ತು, ಮೊಮ್ಮಗಳ ಶಾಲೆ ಯಾವುದೆಂದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ.

ಚಾಚಾ ನನ್ನನ್ನು ಎಷ್ಟು ಹೊತ್ತು ನೋಡಿದರೋ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅವರೇ ತಮ್ಮ ಹೆಸರು ಹೇಳಿದರು, ಅಪ್ಪನ ಹೆಸರು ಸೇರಿಸಿ, ಬಿಡಿಬಿಡಿಯಾಗಿ, ಒಂದೊಂದು ಅಕ್ಷರವೂ ಕೇಳುವ ಹಾಗೆ. ಕಾರ್ಯದರ್ಶಿಗಳು ಅದನ್ನು ತಡವರಿಸುತ್ತಾ ಹೇಳಿ, ನಿಮ್ಮ ತಪ್ಪಿಲ್ಲ ಎಂದರು. ಚಾಚಾ ತಲೆದೂಗಿ ನನ್ನ ಕಡೆ ತಿರುಗಿದರು, ತಿರುಗಿ ಕಾದರು.

ನಾನೂ ಹೇಳಿದೆ, ಅವರ ಹೆಸರು ಹಿಡಿದು.